ಭರಣಿಯ ಬಾಯಿಗೆ ದನದ ಗಂಟು

ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಅಪ್ಪೆಮಿಡಿ ಉಪ್ಪಿನಕಾಯಿಗೆ ಬೂಸಲು ಬಂತು. ಎಲ್ಲರೂ ಮಳೆಯನ್ನು ಬೈದು ಸುಮ್ಮನಾದರು. ಅಜ್ಜಿ ಮಾತ್ರ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನೇ ನೋಡುತ್ತಾ ಕೂತರು. ಆಮೇಲೆ ಕೊಟ್ಟಿಗೆ ಕಡೆ ತಿರುಗಿ, "ಒದ್ದೆ ಕೈ ಹಾಕಿದ್ದು ನೀನೇ ಅಲ್ವೇನೋ?" ಅಂತ ಚಿಕ್ಕಪ್ಪನನ್ನು ಕೇಳಿದರು. ನಮ್ಮನೆ ಹೆಂಗಸರು ಯಾರೂ ಒದ್ದೆ ಕೈಯನ್ನು ಭರಣಿ ಹತ್ತಿರ ತರೋದಿಲ್ಲ. ಮೇಲಾಗಿ ಆ ದಾರಕ್ಕೆ ಬಿದ್ದಿದ್ದು ದನ ಕಟ್ಟೋ ಗಂಟು! ಚಿಕ್ಕಪ್ಪ ತಲೆ ಕೆರೆದುಕೊಂಡರು, ಕೇಸು ಮುಗಿಯಿತು.

ಮುಂದೆ ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯ ಮುದುಕಿ ಪತ್ತೇದಾರಿ ಮಿಸ್ ಮಾರ್ಪಲ್ ಕಥೆ ಓದುವಾಗ ನನಗೆ ನೆನಪಾಗಿದ್ದು ಆ ಗಂಟೇ. 1927ರಲ್ಲಿ ಬಂದ ಮೊದಲ ಕಥೆಯಲ್ಲಿ ಎಲ್ಲರೂ ಬಗೆಹರಿಯದ ದೊಡ್ಡ ದೊಡ್ಡ ರಹಸ್ಯಗಳ ಬಗ್ಗೆ ಮಾತಾಡುತ್ತಿದ್ದರೆ, ಈ ಮುದುಕಿ ಹೆಣಿಗೆ ಹಾಕುತ್ತಾ ಕೂತು, ಊರಿನ ಒಬ್ಬ ಹೆಂಗಸು ಅಂಗಡಿಯಲ್ಲಿ ಕೊಂಡ ಸೀಗಡಿ ಮನೆಗೆ ಬರುವಷ್ಟರಲ್ಲಿ ಮಾಯವಾದ ಕಥೆ ಹೇಳುತ್ತಾಳೆ. ಕೊಲೆಯ ಲೆಕ್ಕವನ್ನೂ ಅವಳು ಇಂಥ ಸಣ್ಣ ಸಂಗತಿಗಳಿಂದಲೇ ಬಿಡಿಸೋದು. ಇವನು ನಮ್ಮೂರಿನ ಇಂಥವನ ಹಾಗೇ ಇದ್ದಾನಲ್ಲ ಅಂತ ಅನ್ನಿಸಿದರೆ ಸಾಕು, ಹಿಡಿದಳು ಅಂತಲೇ ಅರ್ಥ.

ಮುದ್ದು ಅಜ್ಜಿ ಅಂದುಕೊಂಡರೆ ಮೋಸ ಹೋಗ್ತೀರಿ. ಯಾರನ್ನೂ ಪೂರ್ತಿ ನಂಬದ ಈ ಸ್ವಭಾವವನ್ನು ಕ್ರಿಸ್ಟಿ ತನ್ನ ಅಜ್ಜಿಯಿಂದಲೇ ತೆಗೆದುಕೊಂಡಿದ್ದಂತೆ. ಆ ಅಜ್ಜಿ ನಗುನಗುತ್ತಲೇ ಎಲ್ಲರಿಂದಲೂ ಕೆಟ್ಟದ್ದನ್ನೇ ನಿರೀಕ್ಷಿಸುತ್ತಿದ್ದರು, ಅದು ಹೆಚ್ಚುಕಮ್ಮಿ ನಿಜವೂ ಆಗುತ್ತಿತ್ತು. ಒಂದು ಎಡವಟ್ಟನ್ನೂ ಕ್ರಿಸ್ಟಿ ಒಪ್ಪಿಕೊಂಡಿದ್ದಾರೆ. ಶುರುವಿನಲ್ಲೇ ಮಾರ್ಪಲ್‌ಗೆ 65-70 ವಯಸ್ಸು ಕೊಟ್ಟುಬಿಟ್ಟರು. ಕೊನೆಯ ಕಾದಂಬರಿ ಅಚ್ಚಾಗಿದ್ದು 1976ರಲ್ಲಿ. ನೀವೇ ಲೆಕ್ಕ ಹಾಕಿ!

ಇವಳೇ ಮೊದಲಿಗಳಲ್ಲ. ಅಮೆರಿಕದ ಆನಾ ಕ್ಯಾಥರೀನ್ ಗ್ರೀನ್ 1897ರಲ್ಲೇ ಪಕ್ಕದ ಮನೆಗೆ ಇಣುಕೋ ಅಮೀಲಿಯಾ ಬಟರ್‌ವರ್ತ್ ಎಂಬ ಮದುವೆಯಾಗದ ಹೆಂಗಸನ್ನು ಪತ್ತೇದಾರಿಕೆಗೆ ಇಳಿಸಿದ್ದರು. 1901ರಲ್ಲಿ ಬ್ಯಾರನೆಸ್ ಆರ್ಟ್ಸಿ ಬರೆದ ಮುದುಕನಂತೂ ಲಂಡನ್ನಿನ ಟೀ ಅಂಗಡಿಯ ಮೂಲೆಯಲ್ಲಿ ಕೂತು, ದಾರಕ್ಕೆ ಗಂಟು ಹಾಕುತ್ತಾ ಬಿಚ್ಚುತ್ತಾ ಅಪರಾಧಗಳನ್ನು ಬಿಡಿಸುತ್ತಾನೆ. ಪೊಲೀಸರಿಗೆ ಹಿಡಿದುಕೊಡೋ ಉಸಾಬರಿ ಅವನಿಗೆ ಬೇಡ.

ಇವರನ್ನು ಯಾಕೆ ಇಷ್ಟಪಡ್ತೀವಿ? ಊರಿಗೆ ಪೊಲೀಸ್ ಜೀಪು ಬಂದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತೆ. ಅದೇ ಒಬ್ಬಳು ಮುದುಕಿ ಬಂದು "ಒಂದು ಲೋಟ ಕಾಫಿ ಕೊಡೇ" ಅಂದರೆ, ಕಾಫಿ ಜೊತೆ ಮನೆಯ ಕಥೆಯೂ ಹೊರಗೆ ಬರುತ್ತೆ, ಅಲ್ವಾ? ವಯಸ್ಸಾದವರನ್ನು ನಾವು ಸರಿಯಾಗಿ ನೋಡೋದೇ ಇಲ್ಲ. ಅವರು ಮಾತ್ರ ನಮ್ಮನ್ನು ನೋಡ್ತಾನೇ ಇರ್ತಾರೆ.

ಮಾರ್ಪಲ್ ಕೈಯಲ್ಲಿ ಉಣ್ಣೆ, ನಮ್ಮಜ್ಜಿ ಕೈಯಲ್ಲಿ ಹೂಬತ್ತಿ. ಅಡಿಕೆ ಸುಲಿಯೋ ರಾತ್ರಿಗಳಲ್ಲಿ ಅಂಗಳದ ತುಂಬ ಜನ, ಊರಿನ ಸುದ್ದಿಯೆಲ್ಲ ಅಲ್ಲೇ. ಅಜ್ಜಿಗೆ ಕಿವಿ ಮಂದ ಅಂತ ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಊಟಕ್ಕೆ ಕರೆದರೆ ಮೂರು ಸಲ "ಹಾಂ?" ಅನ್ನೋರು. ಆದರೆ ಒಳಮನೆಯಲ್ಲಿ ನಾವು ಮಕ್ಕಳು ಹಲಸಿನ ಹಪ್ಪಳದ ಡಬ್ಬಿಯ ಮುಚ್ಚಳ ಮೆಲ್ಲಗೆ ತೆಗೆದರೆ, ಜಗಲಿಯಿಂದ ಕೂಗು ಬರೋದು: "ಎರಡೇ ತಗೊಳ್ಳಿ!"