ಟ್ರಂಕಿನಲ್ಲಿ ಸಿಕ್ಕ ಸೀರೆಗೆ ಎಷ್ಟು ವಯಸ್ಸು?

ಎಲ್ಲರಿಗೂ ನಮಸ್ಕಾರ.

ಈ ವಿಷಯವನ್ನು ಬಾಗಲಕೋಟೆಯಲ್ಲೇ ಮಾತಾಡಬೇಕು ಅಂತ ನನಗೆ ಆಸೆಯಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಹಳೇ ಊರಿನ ಎಷ್ಟೋ ಮನೆಗಳವರು ನವನಗರಕ್ಕೆ ಬಂದರು. ಮುಳುಗಡೆಯ ಗಡಿಬಿಡಿಯಲ್ಲಿ ಅಟ್ಟದ ಮೇಲಿನ ಟ್ರಂಕುಗಳನ್ನು ಬೀಗ ತೆಗೆಯದೆ ಲಾರಿಗೆ ಏರಿಸಿದರು. ಹೊಸ ಮನೆಯಲ್ಲೂ ಹಾಗೇ ಮೂಲೆಗೆ ಸರಿಸಿದರು. ಈಗ ಮೊಮ್ಮಕ್ಕಳು ಒಂದೊಂದಾಗಿ ಬೀಗ ತೆಗೆಯುತ್ತಿದ್ದಾರೆ. ಒಳಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಗಂಟು ಹಾಕುವ ಕುಬಸ, ಪರಕಾರ, ಕುಂಚಿಗೆ ಎಲ್ಲ ಇರುತ್ತವೆ. ಜೊತೆಗೆ ಒಂದು ಮಾತೂ ಬರುತ್ತದೆ: "ಇದು ನಮ್ಮ ಮುತ್ತಜ್ಜಿದು, ನೂರೈವತ್ತು ವರ್ಷದ್ದು!"

ಮೊದಲು ಬೆರಳಲ್ಲಿ ಎಣಿಸಿ ನೋಡಿ. ನಿಮಗೀಗ ಐವತ್ತು ಅಂದುಕೊಳ್ಳಿ. ನಿಮ್ಮ ತಾಯಿಯ ಮದುವೆ 1970ರ ಸುಮಾರಿಗೆ ಆಗಿರುತ್ತದೆ. ಅಜ್ಜಿಯದು 1945ರ ಆಸುಪಾಸು. ಮುತ್ತಜ್ಜಿಯದು 1920ರ ಹತ್ತಿರ. ಸಣ್ಣ ವಯಸ್ಸಿನ ಮದುವೆ ಅಂತ ಇನ್ನೊಂದಿಷ್ಟು ಹಿಂದೆ ಹೋದರೂ ನೂರೈವತ್ತು ಆಗುವುದಿಲ್ಲ. ಮನೆಯ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಯಾರದ್ದು ಅನ್ನೋದು ಮನೆಯವರಿಗೇ ಗೊತ್ತು. ಯಾವಾಗಿನದ್ದು ಅನ್ನೋದನ್ನು ಮಾತ್ರ ಬಟ್ಟೆಯನ್ನೇ ಕೇಳಬೇಕು.

ಬಟ್ಟೆಯನ್ನು ಕೇಳುವ ಕ್ರಮ ಹೀಗೆ. ಅದರಲ್ಲಿ ಹಳೆಯದು ಏನಿದೆ ಅಂತ ಹುಡುಕಬೇಡಿ, ಹೊಸದು ಏನಿದೆ ಅಂತ ಹುಡುಕಿ. ನಮ್ಮ ಕಡೆ ಇದು ಜಾಸ್ತಿ ಮುಖ್ಯ. ಯಾಕೆಂದರೆ ಇಳಕಲ್ಲಿನಲ್ಲಿ ಹಳೆಯ ನಮೂನೆ ಸತ್ತಿಲ್ಲ. ಅದೇ ಕೆಂಪು ಸೆರಗು, ಅದೇ ಚಿಕ್ಕಿ ಪರಾಸ್ ದಡಿ, ಅದೇ ಗೋಮಿ ದಡಿ ಇವತ್ತೂ ಮಗ್ಗದಿಂದ ಇಳಿಯುತ್ತವೆ. ಹದಿನೆಂಟು ಮೊಳದ ಸೀರೆ, ಅಂದರೆ ಒಂಬತ್ತು ಗಜದ್ದು, ಕಚ್ಚೆ ಹಾಕುವ ಅಜ್ಜಿಯರಿಗಾಗಿ ಮೊನ್ನೆ ಮೊನ್ನೆಯವರೆಗೂ ನೇಯುತ್ತಿದ್ದರು. ಹಾಗಾಗಿ ಹಳೇ ನಮೂನೆ ಕಂಡಿತು ಅಂತ ಸೀರೆ ಹಳೆಯದಾಗುವುದಿಲ್ಲ. ಆದರೆ ಹೊಸ ಎಳೆ ಒಂದು ಸಿಕ್ಕರೆ ಮುಗಿಯಿತು, ಆ ಎಳೆ ಹುಟ್ಟುವ ಮೊದಲು ಆ ಸೀರೆ ಇರಲು ಸಾಧ್ಯವೇ ಇಲ್ಲ.

ಸೀರೆಯನ್ನು ಹರವಿ, ಸೆರಗು ಮತ್ತು ಒಡಲು ಕೂಡುವ ಜಾಗಕ್ಕೆ ಬನ್ನಿ. ನಿಜವಾದ ಇಳಕಲ್ಲಿನ ಗುಟ್ಟು ಅಲ್ಲಿದೆ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆಗಳು, ಹತ್ತಿಯದ್ದು, ಸೆರಗಿನ ಹಾಸು ರೇಷ್ಮೆಯದ್ದು. ಎರಡನ್ನೂ ಬೇರೆ ಬೇರೆ ತಯಾರಿಸಿ, ಒಂದರ ಎಳೆಯ ಕುಣಿಕೆಗೆ ಇನ್ನೊಂದರ ಕುಣಿಕೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ನೇಕಾರರು ಇದನ್ನು ತೋಪು ತೆನಿ ಅನ್ನುತ್ತಾರೆ. ಇದಕ್ಕಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿಯೇ ಮಾಡಬೇಕು. ಹತ್ತು ಸೀರೆಯ ಹಾಸನ್ನು ಒಟ್ಟಿಗೆ ಸುತ್ತಿಡಲು ಬರುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಎಳೆಗಳು ಒಂದಕ್ಕೊಂದು ಕೈ ಹಿಡಿದಂತೆ ಕಾಣುತ್ತವೆ. ಪವರ್‌ಲೂಮ್ ನಕಲಿನಲ್ಲಿ ಈ ಕೊಂಡಿ ಇರುವುದಿಲ್ಲ, ಒಂದೇ ಹಾಸು ಉದ್ದಕ್ಕೂ ಓಡುತ್ತದೆ, ಬಣ್ಣ ಮಾತ್ರ ಬದಲಾಗುತ್ತದೆ. ಆದರೆ ಒಂದು ಮಾತು ನೆನಪಿಡಿ. ಕೊಂಡಿ ಇದ್ದರೆ ಅದು ಕೈಮಗ್ಗದ ಇಳಕಲ್ ಅಂತ ಗೊತ್ತಾಗುತ್ತದೆ, ಅಷ್ಟೇ. ವಯಸ್ಸು ಗೊತ್ತಾಗುವುದಿಲ್ಲ.

ವಯಸ್ಸಿಗೆ ಸೆರಗಿನ ಎಳೆಯೇ ಬೇಕು. ಇಳಕಲ್ಲಿನಲ್ಲಿ ಚಮಕಾ ಅನ್ನುವ ನೂಲು ಇದೆಯಲ್ಲ, ಅದು ರೇಯಾನ್. ನಮ್ಮ ದೇಶಕ್ಕೆ 1920, 30ರ ದಶಕಗಳಲ್ಲಿ ಹೊರಗಿನಿಂದ ರಾಶಿ ರಾಶಿ ಬಂತು. ಇಲ್ಲೇ ತಯಾರಾಗಲು ಶುರುವಾಗಿದ್ದು 1950ರಲ್ಲಿ, ತಿರುವಾಂಕೂರಿನ ಕಾರ್ಖಾನೆಯಲ್ಲಿ. ಸೆರಗು ಚಮಕಾದ್ದಾದರೆ ಆ ಸೀರೆ 1920ಕ್ಕಿಂತ ಹಿಂದಿನದ್ದಾಗುವುದು ಕಷ್ಟ. ಪರೀಕ್ಷೆ ಸುಲಭ. ಬಿಚ್ಚಿಕೊಂಡು ಜೋತಿರುವ ಒಂದು ಎಳೆ ತೆಗೆದುಕೊಳ್ಳಿ. ಸೀರೆಯಿಂದ ಕತ್ತರಿಸಬೇಡಿ! ಚಿಮಟದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಕಪ್ಪಗೆ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಇಲ್ಲವೇ ರೇಯಾನ್. ಇವೆರಡರಲ್ಲಿ ಯಾವುದು ಅಂತ ತಿಳಿಯಲು ಇನ್ನೊಂದು ಎಳೆಯನ್ನು ನೀರಲ್ಲಿ ನೆನೆಸಿ ಎಳೆಯಿರಿ. ರೇಯಾನ್ ಹಸಿಯಾದಾಗ ಪಟ್ಟನೆ ತುಂಡಾಗುತ್ತದೆ, ಹತ್ತಿ ಇನ್ನೂ ಗಟ್ಟಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಆಗ ಆ ಸೀರೆ ಅಜ್ಜಿಯದಲ್ಲ, ಅಕ್ಕನದು.

ಬಣ್ಣದ ಬಗ್ಗೆ ಜನ ಬಹಳ ಧೈರ್ಯವಾಗಿ ಮಾತಾಡುತ್ತಾರೆ. "ಇದು ಬೇರಿನ ಬಣ್ಣ ನೋಡ್ರೀ" ಅನ್ನುತ್ತಾರೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಮಂಜಿಷ್ಠದ ಬೇರಿನಂಥ ಕೆಂಪು ಕೊಡುವ ಅಲಿಝರಿನ್ ಅನ್ನು 1869ರ ಹೊತ್ತಿಗೆ ಜರ್ಮನಿಯಲ್ಲೂ ಇಂಗ್ಲೆಂಡಿನಲ್ಲೂ ಕಲ್ಲಿದ್ದಲ ಟಾರಿನಿಂದ ಮಾಡಿದರು. ನೀಲಿಯದೂ ಇದೇ ಕಥೆ. 1897ರಲ್ಲಿ ಕಾರ್ಖಾನೆಯ ಇಂಡಿಗೊ ಮಾರುಕಟ್ಟೆಗೆ ಬಂತು. ಗಿಡದ್ದೂ ಅದೇ ವಸ್ತು, ಕಾರ್ಖಾನೆಯದೂ ಅದೇ ವಸ್ತು. ಚಂದ್ರಕಾಳಿ ಸೀರೆಯ ಕಡುಬಣ್ಣ ನೋಡಿ ನೂರಾರು ವರ್ಷ ಹಿಂದಕ್ಕೆ ಹೋಗುವುದು ಬೇಡ. ಬದಲಿಗೆ ಝಗಮಗಿಸುವ ನೇರಳೆ ಕಂಡರೆ ಗಮನಿಸಿ. ರಾಸಾಯನಿಕ ನೇರಳೆ ಹುಟ್ಟಿದ್ದೇ 1856ರಲ್ಲಿ, ಲಂಡನ್ನಿನ ಒಬ್ಬ ಹುಡುಗನ ಪ್ರಯೋಗದಲ್ಲಿ. ನಮ್ಮ ಊರಿನ ಬಣ್ಣದ ಹಂಡೆಗೆ ಅದು ಇಳಿಯಲು ಇನ್ನೂ ಸಾಕಷ್ಟು ವರ್ಷ ಬೇಕಾದವು. ಇನ್ನೊಂದು ವಿಷಯ, ಕೆಲವು ಹಳೆ ಬಟ್ಟೆಗಳಲ್ಲಿ ಕಪ್ಪು ಎಳೆಗಳು ಮಾತ್ರ ಪುಡಿಯಾಗಿ ಉದುರಿರುತ್ತವೆ, ಅಕ್ಕಪಕ್ಕದವು ಗಟ್ಟಿ ಇರುತ್ತವೆ. ಅದು ಹುಳದ ಕೆಲಸವಲ್ಲ. ಕಬ್ಬಿಣದ ಅಂಶ ಹಾಕಿ ಮಾಡಿದ ಕಪ್ಪು, ಎಳೆಯನ್ನೇ ನಿಧಾನವಾಗಿ ತಿನ್ನುತ್ತದೆ.

ಕಸೂತಿ ಇದ್ದರೆ ಮಗುಚಿ ಹಾಕಿ. ಗವಂತಿಯೂ ಮುರ್ಗಿಯೂ ಎಳೆ ಎಣಿಸಿ ಹಾಕುವ ಹೊಲಿಗೆಗಳು, ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ನೇಯ್ಗೆ, ಮೆಂಥಿ ಹೊಲಿಗೆಗಳ ಹಿಂಬದಿ ಸ್ವಲ್ಪ ಬೇರೆ ಇರಬಹುದು. ಗೋಪುರ, ಅಂಬಾರಿ ಆನೆ, ತುಳಸಿಕಟ್ಟೆಯ ಕೆಳಗೆ ಅಚ್ಚೊತ್ತಿದ ನೀಲಿ ಗೆರೆ ಕಂಡರೆ ಅದು ಎಣಿಸಿ ಹಾಕಿದ್ದಲ್ಲ.

ಕುಬಸದ ವಿಷಯ ಬೇಗ ಹೇಳಿಬಿಡುತ್ತೇನೆ. ಹುಕ್ಕು, ಟಿಚ್ ಬಟನ್ನು ನಂಬಬೇಡಿ, ಅವು ಎಷ್ಟೋ ಸಲ ಆಮೇಲೆ ಹಚ್ಚಿದವು. ಹೊಲಿಗೆಯ ಒಳಬದಿಯ ದಾರ ನೋಡಿ. ಅಂಗಡಿಯವರು ನೋಟು ಪರೀಕ್ಷೆ ಮಾಡುವ ನೇರಳೆ ದೀಪ ಇರುತ್ತದಲ್ಲ, ಕತ್ತಲೆಯಲ್ಲಿ ಅದನ್ನು ಹಿಡಿಯಿರಿ. ದಾರ ನೀಲಿಯಾಗಿ ಹೊಳೆದರೆ, ಬಿಳುಪು ಹೆಚ್ಚಿಸುವ ರಾಸಾಯನಿಕ ಅದರಲ್ಲಿದೆ, 1940ರ ದಶಕದ ಮೇಲಿನದು. ಆದರೆ ಸೋಪಿನ ಪುಡಿಯಲ್ಲಿ ಒಗೆದ ಬಟ್ಟೆಯೂ ಪೂರ್ತಿ ಹೊಳೆಯುತ್ತದೆ. ಹೊಲಿಗೆ ಮಾತ್ರ ಹೊಳೆದು ಬಟ್ಟೆ ಮಂಕಾಗಿದ್ದರೆ ಆ ಹೊಲಿಗೆ ಆಮೇಲಿನದು.

ನನಗೆ ಅತಿ ಇಷ್ಟದ ಸಾಕ್ಷಿ ಮುದ್ರೆ ಮತ್ತು ಚೀಟಿ. ಪರಕಾರದ ಅಸ್ತರಿನಲ್ಲಿ ಗಿರಣಿಯ ಮುದ್ರೆ ಉಳಿದಿರುತ್ತದೆ. ಹೊಲಿಯದೇ ಇಟ್ಟ ಖಣದ ಮಡಿಕೆಯಲ್ಲಿ ಅಂಗಡಿಯ ಚೀಟಿ ಸಿಗುತ್ತದೆ. ದರ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಅಂತ ಹೇಳಬಹುದು, ಹಳ್ಳಿಯ ಅಂಗಡಿಗೆ ಒಂದೆರಡು ವರ್ಷ ರಿಯಾಯಿತಿ ಕೊಡಿ. "ನಯೇ ಪೈಸೆ" ಅಂತಿದ್ದರೆ ಇನ್ನೂ ಚೆನ್ನ. 1964ರ ಜೂನ್‌ನಲ್ಲಿ ಆ "ನಯೇ" ಬಿಟ್ಟರು, ಹಾಗಾಗಿ ಏಳೆಂಟು ವರ್ಷದ ಕಿಟಕಿ ಸಿಗುತ್ತದೆ. ವಿಳಾಸವೂ ಮಾತಾಡುತ್ತದೆ. ಜಮಖಂಡಿ ಸಂಸ್ಥಾನ, ಮುಧೋಳ ಸಂಸ್ಥಾನ ಅಂತಿದ್ದರೆ 1948ರ ವಿಲೀನದ ಹಿಂದಿನದು. ನಮ್ಮ ಜಿಲ್ಲೆ 1956ರ ನವೆಂಬರ್ ವರೆಗೆ ಮುಂಬೈ ಆಡಳಿತದಲ್ಲಿತ್ತು. ಅಲ್ಲಿಂದ 1973ರ ವರೆಗೆ ಮೈಸೂರು ರಾಜ್ಯ. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಬಾಗಲಕೋಟೆ ಜಿಲ್ಲೆ ಅಂತ ಬರೆದಿದ್ದರೆ 1997ರ ಈಚಿನದು, ಅದನ್ನು ಹಳೆಯದು ಅಂತ ಯಾರೂ ತರುವುದಿಲ್ಲ ಬಿಡಿ. ಆದರೂ ಚೀಟಿ ಬಂದ ದಿನವೇ ಖಣ ಹುಟ್ಟಿದ ದಿನ ಅಲ್ಲ. ಉಡಿ ತುಂಬಿದ ಖಣ ಒಂದು ಮನೆಯಿಂದ ಇನ್ನೊಂದು ಮನೆಗೆ ಹೊಲಿಯದೆಯೇ ತಿರುಗುತ್ತದೆ ಅನ್ನೋದು ಇಲ್ಲಿರುವ ಹೆಣ್ಣುಮಕ್ಕಳಿಗೆ ಗೊತ್ತೇ ಇದೆ.

ಇನ್ನು ಕೌದಿ. ಮನೆಯಲ್ಲಿ ಹಳೆ ಸೀರೆ ಏನೂ ಉಳಿದಿಲ್ಲ ಅನ್ನುವವರಿಗೆ ನಾನು ಕೌದಿ ಕೇಳುತ್ತೇನೆ. ಹರಿದ ಸೀರೆ, ಧೋತ್ರ, ಕುಬಸ ಎಲ್ಲ ಪದರ ಪದರವಾಗಿ ಅದರೊಳಗೆ ಹೋಗಿರುತ್ತವೆ. ಮೇಲಿನ ಬಟ್ಟೆ ಬಿಸಿಲಿಗೆ ಬೆಳ್ಳಗಾಗಿದ್ದರೂ ಒಳಗಿನದಕ್ಕೆ ಬೆಳಕೇ ತಾಗಿರುವುದಿಲ್ಲ, ಹಳೆಯ ಕೆಂಪು ಹೊಸದರಂತೇ ಇರುತ್ತದೆ. ಅಂಚು ಸವೆದು ಬಾಯಿ ಬಿಟ್ಟ ಕಡೆ ಟಾರ್ಚ್ ಹಾಕಿ ನೋಡಿ, ಬಿಚ್ಚಬೇಡಿ. ಇಲ್ಲಿಯೂ ಅದೇ ನಿಯಮ. ಹತ್ತು ತುಂಡು ಹಳೆಯವಿದ್ದು ಒಂದು ತುಂಡು ಟೆರಿಲಿನ್, ಅಂದರೆ ಪಾಲಿಯೆಸ್ಟರ್ ಬಟ್ಟೆ, ಇದ್ದರೆ, ಕೌದಿ ಹೊಲಿದದ್ದು ಟೆರಿಲಿನ್ ಬಂದ ಮೇಲೆ. ಆ ತುಂಡು ಆಮೇಲೆ ಹಾಕಿದ ತೇಪೆಯೇ ಅಂತ ಮಾತ್ರ ಮೊದಲು ಪರೀಕ್ಷಿಸಿ. ತೇಪೆಯ ಹೊಲಿಗೆ ಕೌದಿಯ ಸಾಲುಗಳ ಮೇಲೆ ಹಾದು ಹೋಗಿರುತ್ತದೆ.

ಸಿಕ್ಕಿದ್ದನ್ನು ಏನು ಮಾಡಬೇಕು? ಲಾಂಡ್ರಿಗೆ ಕೊಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಒಗೆದ ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಜರಿ ಇದ್ದರೆ ನುಸಿಗುಳಿಗೆ ದೂರ ಇರಲಿ. ಯಾರದ್ದು, ಯಾರು ಹೇಳಿದರು ಅನ್ನೋದನ್ನು ಪೆನ್ಸಿಲಿನಲ್ಲಿ ಚೀಟಿ ಬರೆದು ಜೊತೆಗಿಡಿ.

"ಹಳೇ ಜರಿ ಸೀರೆ ಕೊಳ್ತೀವಿ" ಅಂತ ಓಣಿಗೆ ಬರುವವರ ಬಗ್ಗೆಯೂ ಹೇಳಬೇಕು. ಅವರಿಗೆ ಬೇಕಾಗಿದ್ದು ಸೀರೆಯಲ್ಲ, ಸುಟ್ಟರೆ ಸಿಗುವ ಬೆಳ್ಳಿ. ಕೊಡಲೇಬೇಕು ಅಂತಿದ್ದರೆ ಅದು ನಿಮ್ಮಿಷ್ಟ. ಮೊದಲು ಸೆರಗು, ದಡಿ, ಕೊಂಡಿಯ ಜಾಗ, ಹಿಂಬದಿ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಬೆಳ್ಳಿಯ ಆ ದಿನದ ದರವನ್ನು ಸರಾಫ ಅಂಗಡಿಯಲ್ಲಿ ಕೇಳಿ. ಆಮೇಲೆ ಬೇಕಾದರೆ ಅವರನ್ನು ಬಾಗಿಲಿಗೆ ಕರೆಯಿರಿ.