ಕದ್ದು ಕೇಳುವ ಬಳ್ಳಿ: ‘ದಿ ರೂಯಿನ್ಸ್’ ಯಾಕೆ ಇಷ್ಟು ಹೆದರಿಸುತ್ತದೆ?

(ಕಪ್ಪು ತೆರೆ. ಎಲ್ಲೋ ಆಳದಿಂದ ಮೊಬೈಲ್ ರಿಂಗ್ ಆಗುವ ಸದ್ದು.)

ಕಾಡಿನ ನಡುವೆ ಒಂದು ಗುಡ್ಡ. ಮೇಲೆ ಬಾವಿಯಂಥ ಒಂದು ಗುಂಡಿ. ಅದರ ತಳದಲ್ಲಿ ಫೋನ್ ರಿಂಗ್ ಆಗುತ್ತಿದೆ. ಆ ಫೋನ್ ಸಿಕ್ಕಿದರೆ ಸಾಕು, ಗುಡ್ಡದ ಮೇಲೆ ಸಿಕ್ಕಿಬಿದ್ದಿರುವ ಆರೂ ಜನ ಬದುಕಬಹುದು. ಒಬ್ಬನನ್ನು ಹಗ್ಗದಲ್ಲಿ ಇಳಿಸುತ್ತಾರೆ. ಹಗ್ಗ ಹರಿಯುತ್ತದೆ. ಅವನ ಬೆನ್ನುಮೂಳೆ ಮುರಿಯುತ್ತದೆ.

ಕೆಳಗೆ ರಿಂಗ್ ಆಗುತ್ತಿದ್ದದ್ದು ಫೋನೇ ಅಲ್ಲ. ಒಂದು ಬಳ್ಳಿ.

(ಮೆಕ್ಸಿಕೋದ ನಕ್ಷೆ. ಅದರಲ್ಲಿ ಯುಕಟಾನ್ ಪ್ರದೇಶ ಹತ್ತಿರ ಬರುತ್ತದೆ.)

ನಮಸ್ಕಾರ. ಇವತ್ತಿನ ಪುಸ್ತಕ ಸ್ಕಾಟ್ ಸ್ಮಿತ್ ಬರೆದ ‘ದಿ ರೂಯಿನ್ಸ್’. ಬಂದದ್ದು 2006ರಲ್ಲಿ. 2008ರಲ್ಲಿ ಸಿನಿಮಾ ಕೂಡ ಆಯಿತು, ಆದರೆ ನಾನು ಕಾದಂಬರಿಯ ಬಗ್ಗೆ ಮಾತ್ರ ಹೇಳುತ್ತೇನೆ. ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ, ಭಯ ಬೇಡ.

ಜೆಫ್, ಏಮಿ, ಎರಿಕ್, ಸ್ಟೇಸಿ. ಅಮೆರಿಕದ ಎರಡು ಜೋಡಿಗಳು, ಮೆಕ್ಸಿಕೋಗೆ ರಜೆಗೆ ಬಂದವರು. ಅಲ್ಲಿ ಜರ್ಮನಿಯ ಮಥಿಯಾಸ್‌ನ ಪರಿಚಯ ಆಗುತ್ತದೆ. ಅವನ ತಮ್ಮ ಒಬ್ಬ ಹುಡುಗಿಯ ಹಿಂದೆ ಯಾವುದೋ ಉತ್ಖನನದ ಜಾಗಕ್ಕೆ ಹೋದವನು ವಾಪಸ್ ಬಂದಿಲ್ಲ. ಹುಡುಕೋಣ ಬಾ ಅಂತ ಎಲ್ಲರೂ ಹೊರಡುತ್ತಾರೆ. ಜೊತೆಗೆ ಒಬ್ಬ ಗ್ರೀಕ್ ಹುಡುಗ. ಅವನ ಭಾಷೆ ಇವರಿಗೆ ಬರುವುದಿಲ್ಲ, ಇವರ ಭಾಷೆ ಅವನಿಗೆ ಬರುವುದಿಲ್ಲ. ಬೆನ್ನು ಮುರಿದುಕೊಳ್ಳುವವನು ಅವನೇ. ತನ್ನ ನೋವನ್ನು ಬಾಯಿಬಿಟ್ಟು ಹೇಳಿಕೊಳ್ಳಲೂ ಆಗದ ಸ್ಥಿತಿ. ಆ ಪುಟಗಳನ್ನು ನಾನು ನಿಲ್ಲಿಸಿ ನಿಲ್ಲಿಸಿ ಓದಬೇಕಾಯಿತು.

ಆ ಗುಡ್ಡದ ಬುಡದಲ್ಲಿ ಫೋಟೋ ತೆಗೆಯುತ್ತಾ ಹಿಂದೆ ಸರಿದ ಏಮಿಯ ಕಾಲು ಬಳ್ಳಿಗೆ ತಾಗುತ್ತದೆ. ಅಷ್ಟೇ. ಅಲ್ಲಿಯವರೆಗೆ ‘ಹೋಗಿ, ಹೋಗಿ’ ಅಂತ ಓಡಿಸುತ್ತಿದ್ದ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನಾಂಗದ ಹಳ್ಳಿಯವರು ಈಗ ಆಯುಧ ಹಿಡಿದು ಇವರನ್ನು ಗುಡ್ಡ ಹತ್ತಿಸುತ್ತಾರೆ. ಇಳಿಯಲು ಬಿಡುವುದಿಲ್ಲ. ಗುಡ್ಡದ ಸುತ್ತ ಹುಲ್ಲುಕಡ್ಡಿಯೂ ಇಲ್ಲದ ಬೋಳು ನೆಲ. ಆ ಬಳ್ಳಿ ಹೊರಗೆ ಹಬ್ಬಬಾರದು, ಅದಕ್ಕೇ ಈ ಕಾವಲು. ಅವರ ಜಾಗದಲ್ಲಿ ನಿಂತು ನೋಡಿದರೆ ಅವರದ್ದು ತಪ್ಪು ಅನ್ನಿಸುವುದಿಲ್ಲ, ಅಲ್ವಾ? ಆದರೆ ಅವರಲ್ಲಿ ಒಬ್ಬರ ಮನಸ್ಸೂ ನಮಗೆ ಕಾಣುವುದಿಲ್ಲ. ಅವರು ಬರೀ ಬೇಲಿಯಾಗಿ ಉಳಿದುಬಿಡುತ್ತಾರೆ. ಈ ಪುಸ್ತಕದ ಮೇಲೆ ನನಗಿರುವ ದೊಡ್ಡ ಬೇಸರ ಇದು.

(ಹಸಿರು ಎಲೆಗಳ ನಡುವೆ ಕೆಂಪು ಹೂವು.)

ಈ ಬಳ್ಳಿ ಮಾಂಸ ತಿನ್ನುತ್ತದೆ, ರಕ್ತ ಹೀರುತ್ತದೆ. ಅದರ ರಸ ಚರ್ಮ ಸುಡುತ್ತದೆ. ಇದೆಲ್ಲ ಸರಿ, ಇಂಥ ರಾಕ್ಷಸ ಗಿಡಗಳು ಬೇರೆ ಕಥೆಗಳಲ್ಲೂ ಇವೆ. ನನಗೆ ನಿದ್ದೆ ಕೆಡಿಸಿದ್ದು ಬೇರೆ. ಇದು ಕೇಳಿಸಿಕೊಳ್ಳುತ್ತದೆ. ಕೇಳಿದ್ದನ್ನು ಅದೇ ದನಿಯಲ್ಲಿ ತಿರುಗಿ ಹೇಳುತ್ತದೆ. ಒಬ್ಬರು ಇಲ್ಲದಾಗ ಇನ್ನಿಬ್ಬರು ಆಡಿಕೊಂಡ ಮಾತು ಸರಿಯಾದ ಸಮಯಕ್ಕೆ ಸರಿಯಾದ ಕಿವಿಗೆ ಬೀಳುತ್ತದೆ.

ಯೋಚಿಸಿ. ಗೆಳೆಯರ ಬೆನ್ನ ಹಿಂದೆ ನಾವು ಸುಮ್ನೆ ಏನೋ ಅಂದುಬಿಡುತ್ತೇವೆ. ದ್ವೇಷ ಇರುವುದಿಲ್ಲ, ಸುಸ್ತು ಇರುತ್ತದೆ, ಹಸಿವು ಇರುತ್ತದೆ. ಮರುದಿನ ಮರೆತೂ ಹೋಗುತ್ತದೆ. ಆ ಗುಡ್ಡದ ಮೇಲೆ ಮಾತ್ರ ಯಾವುದೂ ಮರೆತು ಹೋಗುವುದಿಲ್ಲ. ಕೊಲ್ಲಲು ಬಳ್ಳಿ ಅವಸರ ಮಾಡಬೇಕಾಗಿಲ್ಲ. ಇವರು ಒಬ್ಬರನ್ನೊಬ್ಬರು ನಂಬುವುದನ್ನು ಬಿಡುವವರೆಗೆ ಕಾದರೆ ಸಾಕು.

ಸ್ಮಿತ್ ಇದನ್ನು ತುಂಬಾ ನಿಧಾನವಾಗಿ ಕಟ್ಟುತ್ತಾರೆ. ಬಳ್ಳಿಗಿಂತ ಜಾಸ್ತಿ ಪುಟ ನೀರಿನ ಲೆಕ್ಕಕ್ಕೆ, ಇರುವ ಚೂರು ಊಟವನ್ನು ಪಾಲು ಮಾಡುವುದಕ್ಕೆ ಹೋಗುತ್ತದೆ. ಈ ಲೆಕ್ಕ ಇಡುವವನು ಜೆಫ್. ಅವನಿಲ್ಲದೆ ಇವರು ಉಳಿಯುವುದು ಕಷ್ಟ. ಆದರೂ ದಿನ ಕಳೆದಂತೆ ಅವನ ಮೇಲೇ ಎಲ್ಲರಿಗೂ ಸಿಟ್ಟು. ಬಳ್ಳಿ ಎಲ್ಲಿಂದ ಬಂತು ಅಂತ ಕಾದಂಬರಿ ವಿವರಿಸುವುದೇ ಇಲ್ಲ. ಇನ್ನೊಂದು ವಿಷಯ, ಇದರಲ್ಲಿ ಅಧ್ಯಾಯಗಳಿಲ್ಲ. ಇಲ್ಲಿಗೆ ಸಾಕು ಅಂತ ಪುಸ್ತಕ ಮುಚ್ಚಿಡಲು ನಮಗೂ ಜಾಗ ಸಿಗುವುದಿಲ್ಲ.

(ಬೆಳಕು ಕಡಿಮೆಯಾಗುತ್ತದೆ.)

ಒಂದು ರಾತ್ರಿಯ ಬಗ್ಗೆ ಹೇಳಲೇಬೇಕು. ಜೋಡಿಯೊಂದು ಜೋರಾಗಿ ಜಗಳ ಆಡಿದೆ. ಅವಳು ಕುಡಿದಿದ್ದಾಳೆ, ಕತ್ತಲಲ್ಲಿ ಅತ್ತ ಹೋಗಿ ವಾಂತಿ ಮಾಡುತ್ತಿದ್ದಾಳೆ. ಅವನ ಹೆಸರು ಹಿಡಿದು ಕರೆಯುತ್ತಾಳೆ. ಅವನಿಗೆ ಕೇಳಿಸುತ್ತದೆ. ಸಿಟ್ಟು ಇನ್ನೂ ಇಳಿದಿಲ್ಲ. ಅವನು ಏಳುವುದಿಲ್ಲ.