ಬರೆಯುವ ಪರದೆಗೆ ಎಷ್ಟು ಅಂಕ?

ಕೇಳುಗರಿಗೆ ನಮಸ್ಕಾರ.

ಈ ಭಾಷಣದ ಮೊದಲ ಹಾಳೆಯನ್ನು ನಾನು ಮೂರು ಸಲ ಬೆರಳಚ್ಚು ಮಾಡಿದೆ. ಒಮ್ಮೆ ಗೂಗಲ್ ಡಾಕ್ಸ್‌ನಲ್ಲಿ, ಒಮ್ಮೆ ಜೋಹೋ ರೈಟರ್‌ನಲ್ಲಿ, ಇನ್ನೊಮ್ಮೆ ಬ್ರೌಸರಿನೊಳಗೇ ತೆರೆಯುವ ವರ್ಡ್‌ನಲ್ಲಿ. ಬ್ರೌಸರಿನಲ್ಲೇ ಬರೆಯಲು ಬಳಸುವ ಈ ಮೂರು ತಂತ್ರಾಂಶಗಳಲ್ಲಿ ಯಾವುದರ ವಿನ್ಯಾಸ ಚೆನ್ನಾಗಿದೆ ಅಂತ ಕೇಳಿದರೆ ಸಾಮಾನ್ಯವಾಗಿ ಬಣ್ಣ ನೋಡಿ, ಗುಂಡಿಗಳ ಅಂದ ನೋಡಿ ಉತ್ತರ ಕೊಡುತ್ತೇವೆ. ಹೆಣ್ಣು ನೋಡಲು ಹೋಗಿ ಕೇಸರಿಬಾತ್ ತಿಂದು ಬಂದವರು ಅಭಿಪ್ರಾಯ ಹೇಳಿದ ಹಾಗೆ. ಸಂಸಾರ ಮಾಡಿದಾಗಲೇ ಗೊತ್ತಾಗುವ ಸಂಗತಿಗಳು ಬೇರೆ ಇರುತ್ತವೆ.

ನನ್ನ ಮೊದಲ ಪರೀಕ್ಷೆ ಒಂದೇ ಅಕ್ಷರದ್ದು: ಸ್ತ್ರೀ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಅದು 6 ತುಂಡು: ಸ, ಒತ್ತು ಕಟ್ಟಿಸುವ ಹಲಂತ ಚಿಹ್ನೆ, ತ, ಮತ್ತೆ ಹಲಂತ ಚಿಹ್ನೆ, ರ, ಕೊನೆಗೆ ಈಕಾರ. ಬ್ಯಾಕ್‌ಸ್ಪೇಸ್ ಒತ್ತಿದಾಗ ಇಡೀ ಅಕ್ಷರ ಹಾರಿಹೋಗಬೇಕೋ, ಒಂದೊಂದೇ ತುಂಡು ಬಿಚ್ಚಬೇಕೋ? ಒಂದೊಂದಾಗಿ ಬಿಚ್ಚುವುದೇ ಸರಿ ಅನ್ನುವುದು ನನ್ನ ಪಕ್ಷ. ದೀರ್ಘದ ಬದಲು ಹ್ರಸ್ವ ಬಿದ್ದಿದ್ದರೆ ಅದೊಂದನ್ನೇ ಅಳಿಸಿ ತಿದ್ದಬಹುದು. ಮೊದಲಿನಿಂದ ಒತ್ತು ಕಟ್ಟುತ್ತಾ ಕೂರಬೇಕಿಲ್ಲ. ಆದರೆ ಬಾಣದ ಕೀಲಿ ಒತ್ತಿದಾಗ ಕರ್ಸರ್ ಅಕ್ಷರದ ಹೊಟ್ಟೆಯೊಳಗೆ ಹೋಗಿ ನಿಂತರೆ ಮಾತ್ರ ಸಂಕಟ. ಎಲ್ಲಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ.

ಇಲ್ಲೊಂದು ಸ್ವಾರಸ್ಯ ಹೇಳಬೇಕು. ಗೂಗಲ್ ಡಾಕ್ಸ್ ಮೂಲದಲ್ಲಿ ರೈಟ್ಲಿ ಎಂಬ ಹೆಸರಿನದು. 2005ರಲ್ಲಿ ಬಂತು, 2006ರಲ್ಲಿ ಗೂಗಲ್ ಅದನ್ನು ಕೊಂಡಿತು. ಆಗ ಬರೆಯುವ ಕೆಲಸವೆಲ್ಲ ಬ್ರೌಸರಿನದೇ. ಒಂದೊಂದು ಬ್ರೌಸರಿಗೆ ಒಂದೊಂದು ಚಾಳಿ. ಅದಕ್ಕೇ 2010ರ ಹೊತ್ತಿಗೆ ಗೂಗಲಿನವರು ಬ್ರೌಸರನ್ನು ನಂಬುವುದು ಬಿಟ್ಟು, ಪ್ರತಿ ಅಕ್ಷರದ ಜಾಗವನ್ನು ತಾವೇ ಅಳೆದು, ಕರ್ಸರನ್ನೂ ತಾವೇ ಗೀಚಲು ಶುರುಮಾಡಿದರು. ಅಲ್ಲಿ ಮಿಣುಕುವ ಗೆರೆ ನಿಜವಾದ ಕರ್ಸರಲ್ಲ, ಅದರ ಚಿತ್ರ! ಹೀಗೆ ಎಲ್ಲವನ್ನೂ ತಾವೇ ಅಳೆಯಲು ಹೊರಟವರಿಗೆ ಒತ್ತಕ್ಷರಗಳ ಲಿಪಿ ಎಷ್ಟು ಕಷ್ಟ ಕೊಟ್ಟೀತು, ಯೋಚಿಸಿ.

ಎರಡನೆಯದು ಜಾಗದ ಮಾತು. ನನ್ನದು ಹಳೆಯ ಲ್ಯಾಪ್‌ಟಾಪು. ಪರದೆಯ ಅಗಲ 1366 ಚುಕ್ಕಿ, ಎತ್ತರ ಬರೀ 768. ಬ್ರೌಸರಿನ ಟ್ಯಾಬು, ವಿಳಾಸದ ಪಟ್ಟಿ, ಅದರ ಕೆಳಗೆ ಮೆನು, ಮತ್ತೆ ಟೂಲ್‌ಬಾರು, ಅದರಡಿ ಅಳತೆಪಟ್ಟಿ. ಇಷ್ಟೆಲ್ಲ ಕೂತಮೇಲೆ ಬರೆಯುವವನಿಗೆ ಸಿಗುವುದು ಬಸ್ಸಿನ ಕಿಟಕಿಯಷ್ಟು ಜಾಗ. ಎತ್ತರಕ್ಕೆ ಬರ, ಅಗಲಕ್ಕೆ ಬರವಿಲ್ಲ. ಹಾಗಿರುವಾಗ ಸಲಕರಣೆಗಳನ್ನು ಎಡಗಡೆಯ ಪಟ್ಟಿಗೆ ಸರಿಸಿದ ಜೋಹೋದವರ ಬುದ್ಧಿ ನನಗೆ ಹಿಡಿಸಿತು. ಚೆನ್ನೈ ಮೂಲದ ಆ ಕಂಪನಿಯ ರೈಟರ್ ಕೂಡ 2005ರದ್ದೇ. ವರ್ಡ್‌ನಲ್ಲಿ 2007ರಿಂದ ನಾವು ನೋಡುತ್ತಿರುವ, ಮೇಲ್ಗಡೆ ಗುಂಡಿಗಳು ತುಂಬಿದ ದಪ್ಪ ಪಟ್ಟಿ, ರಿಬ್ಬನ್ ಇದೆಯಲ್ಲ, ಅದನ್ನು ಬ್ರೌಸರಿನಲ್ಲಿ ಒಂದೇ ಸಾಲಿಗೆ ಮಡಚಿಡಬಹುದು. ಮಡಚಿಟ್ಟೇ ಕೆಲಸ ಮಾಡಿದೆ.

ಇನ್ನು ಭರವಸೆಯ ವಿಷಯ. ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಕರೆಂಟು ಹೋಗಿ ಪ್ರಶ್ನೆಪತ್ರಿಕೆಗಳನ್ನು ಕಳೆದುಕೊಂಡ ಕಾಲದವರು. ಪ್ಯಾರಾ ಮುಗಿದ ಕೂಡಲೇ ಅವರ ಎಡಗೈ ತಾನಾಗಿ ಕಂಟ್ರೋಲ್ ಎಸ್ ಒತ್ತುತ್ತದೆ. ಹೀಗೊಂದು ಆನ್‌ಲೈನ್ ಪುಟ ತೆರೆದುಕೊಟ್ಟಾಗ ಅವರು ಕನ್ನಡಕ ಏರಿಸಿಕೊಂಡು ಮೂಲೆ ಮೂಲೆ ಹುಡುಕಿದರು.

"ಅಲ್ಲಪ್ಪಾ, ಸೇವ್ ಮಾಡೋ ಫ್ಲಾಪಿ ಚಿತ್ರ ಎಲ್ಲಿ?"

"ಇದರಲ್ಲಿ ಇಲ್ಲ ಸಾರ್. ತಾನೇ ಸೇವ್ ಆಗುತ್ತೆ. ಮೇಲ್ಗಡೆ ಹೆಸರಿನ ಪಕ್ಕ ಮೋಡ ಕಾಣುತ್ತಲ್ಲ, ಅದೇ ಗುರುತು."

"ಮೋಡ ಕಂಡರೆ ಮಳೆ ಬರುತ್ತೆ ಅಂತ ನಂಬೋ ಕಾಲ ಹೋಯ್ತು ಕಣಪ್ಪ," ಅಂದರು.

ನಗು ಬಂತು, ಆದರೆ ಅವರ ದೂರು ಹಗುರವಾದದ್ದಲ್ಲ. ಗುಂಡಿ ಒತ್ತಿದಾಗ ಕೈಗೆ ಒಂದು ಸಮಾಧಾನವಿತ್ತು. ಅದನ್ನು ತೆಗೆದಮೇಲೆ ಅದರ ಬದಲಿಗೆ ಕಣ್ಣಿಗಾದರೂ ಏನೋ ಗಟ್ಟಿಯಾಗಿ ಕಾಣಬೇಕು. ಉಗುರಿನಷ್ಟೂ ಇಲ್ಲದ ಬೂದು ಬಣ್ಣದ ಚಿತ್ರಕ್ಕೆ ನಾನು ಪೂರ್ತಿ ಅಂಕ ಕೊಡಲಾರೆ. "ಉಳಿಯಿತು" ಅಂತ ಒಂದು ಪದ ಬರೆದಿಟ್ಟರೆ ಏನು ಗಂಟು ಹೋಗುತ್ತದೆ?

ಕೊನೆಯದಾಗಿ ಹಾಳೆ. ಪರದೆಯ ಮೇಲೆ ಎ4 ಹಾಳೆಯ ಚಿತ್ರ ಯಾಕೆ, ಮುದ್ರಿಸುವವರು ಯಾರಿದ್ದಾರೆ ಅಂತ ಈಗ ಕೇಳುತ್ತಾರೆ. 2022ರಲ್ಲಿ ಗೂಗಲ್ ಡಾಕ್ಸ್ ಪುಟಗಳೇ ಇಲ್ಲದೆ ಒಂದೇ ಸಮನೆ ಹರಿಯುವ ನಮೂನೆಯನ್ನೂ ಕೊಟ್ಟಿತು. ಮೊಬೈಲಿನಲ್ಲಿ ಓದುವವರಿಗೆ ಅದು ಸರಿ. ಆದರೆ ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂತವನಿಗೆ ಹಾಳೆ ಬೇಕು. ಒಂದೇ ಮಗ್ಗುಲಿಗೆ ಮುದ್ರಿಸಿರಬೇಕು, ಸದ್ದಾಗದ ಹಾಗೆ ಪಕ್ಕಕ್ಕೆ ಸರಿಸಬೇಕು, ವಾಕ್ಯ ಅರ್ಧಕ್ಕೆ ತುಂಡಾಗಿ ಮುಂದಿನ ಹಾಳೆಗೆ ಹೋಗಬಾರದು. ಹಾಗಾಗಿ ಪುಟದ ಅಂಚು ಕಾಣುವ ನಮೂನೆಯಲ್ಲೇ ಬರೆದೆ.

ಆದರೂ ಈ ಭಾಷಣದ ಕೊನೆಯ ಎರಡು ಸಾಲು ಹೊಸ ಹಾಳೆಗೆ ಜಾರಿತ್ತು. ಸಾಲುಗಳ ನಡುವಿನ ಅಂತರ ತಗ್ಗಿಸಿ ಹಿಂದಕ್ಕೆ ಎಳೆದುಕೊಂಡೆ. ಈಗ ಒತ್ತಕ್ಷರಗಳೆಲ್ಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲಿಕೊಂಡಿವೆ, ಬೆರಳಿಟ್ಟುಕೊಂಡು ಓದುತ್ತಿದ್ದೇನೆ. ನಮಸ್ಕಾರ.